ಪ್ರದರ್ಶನ ಕಲೆಗಳ ತಂಡದಲ್ಲಿ ಒಳ್ಳೆಯ ಸದಸ್ಯರಾಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕವಿರಲಿ, ನೃತ್ಯವಿರಲಿ, ಮೇಳಗಾನವಿರಲಿ, ಹಲವರು ಕೂಡಿ ಒಂದು ಪ್ರದರ್ಶನವನ್ನು ಕಟ್ಟುವಾಗ ವ್ಯಕ್ತಿಯಲ್ಲಿ ಯಾವ ಗುಣಗಳಿರಬೇಕು ಎಂಬ ಪ್ರಶ್ನೆಯನ್ನು ಹೊಸಬರು, ಹಳಬರು, ತಂಡ ನಡೆಸುವವರು ತಮ್ಮ ತಮ್ಮ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ. ತಾಲೀಮು ಮುಗಿದ ಮೇಲಿನ ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಬೇಕಾದ ಪ್ರಶ್ನೆಯನ್ನಷ್ಟೇ ಓದಬಹುದು.

## ಸೇರುವ ಮೊದಲು

ನನ್ನಲ್ಲಿ ದೊಡ್ಡ ಪ್ರತಿಭೆಯೇನೂ ಇಲ್ಲ. ಆದರೂ ತಂಡಕ್ಕೆ ಸೇರಬಹುದೇ?

ಖಂಡಿತ ಸೇರಬಹುದು. ಪ್ರತಿಭೆ ಬೇಡವೆಂದು ಹೇಳುತ್ತಿಲ್ಲ. ಶ್ರುತಿ ನಿಲ್ಲದವರು ಹಾಡುವ ತಂಡದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಲಾರರು, ತಾಳ ತಪ್ಪುವವರು ನೃತ್ಯದಲ್ಲಿ ಪಕ್ಕದವರಿಗೂ ತೊಂದರೆ ಕೊಡುತ್ತಾರೆ. ಆದರೆ ಹಾಡುವುದು, ಕುಣಿಯುವುದು, ಮಾತನ್ನು ಸ್ಪಷ್ಟವಾಗಿ ಆಡುವುದು ಇವೆಲ್ಲ ಕಲಿಸಬಹುದಾದ ವಿದ್ಯೆಗಳು, ಮತ್ತು ತಂಡವೆಂಬುದು ಅವನ್ನು ಕಲಿಯಲು ಇರುವ ಅತ್ಯುತ್ತಮ ಜಾಗ. ನಲವತ್ತು ದಿನಗಳ ತಾಲೀಮಿನಲ್ಲಿ ಸಾಧಾರಣ ನಟನೊಬ್ಬ ನಂಬಲಾಗದಷ್ಟು ಬೆಳೆಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಬೇರೆಯವರ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವನು ಅಷ್ಟೇ ದಿನಗಳಲ್ಲಿ ಬದಲಾಗುವುದನ್ನು ಕಂಡದ್ದು ಬಹಳ ಕಡಿಮೆ.

ಒಂದೇ ಒಂದು ಗುಣವನ್ನು ನೋಡಬೇಕೆಂದರೆ ನೀವು ಯಾವುದನ್ನು ನೋಡುತ್ತೀರಿ?

ತನ್ನ ಸರದಿ ಇಲ್ಲದಿರುವಾಗ ಆ ವ್ಯಕ್ತಿ ಏನು ಮಾಡುತ್ತಿದ್ದಾನೆ ಎಂಬುದನ್ನು ನೋಡುತ್ತೇನೆ. ತನ್ನ ಸರದಿ ಬಂದಾಗ ಎಲ್ಲರೂ ಎಚ್ಚರದಿಂದಲೇ ಇರುತ್ತಾರೆ, ಏಕೆಂದರೆ ಆಗ ಎಲ್ಲರ ಕಣ್ಣೂ ಅವರ ಮೇಲಿರುತ್ತದೆ. ಆದರೆ ಯಾವುದೇ ತಾಲೀಮಿನಲ್ಲಿ ಒಬ್ಬ ಸದಸ್ಯನ ಸಮಯದ ಬಹುಪಾಲು ಕಾಯುವುದರಲ್ಲಿ ಕಳೆಯುತ್ತದೆ. ಆ ಹೊತ್ತಿನಲ್ಲಿ ಇನ್ನೊಬ್ಬರ ದೃಶ್ಯವನ್ನು ನೋಡುತ್ತ ಕುಳಿತವನು ಇಡೀ ನಾಟಕದ ನಡೆಯನ್ನು ಮನಸ್ಸಿಗೆ ತಂದುಕೊಳ್ಳುತ್ತಾನೆ. ಮೂಲೆಯಲ್ಲಿ ಫೋನ್ ನೋಡುತ್ತ ಕುಳಿತವನಿಗೆ ತನ್ನ ಮಾತುಗಳು ಮಾತ್ರ ಗೊತ್ತಿರುತ್ತವೆ. ನಾಳೆ ಪ್ರದರ್ಶನದಲ್ಲಿ ಏನಾದರೂ ಏರುಪೇರಾದರೆ ದೃಶ್ಯವನ್ನು ಹಿಡಿದು ನಿಲ್ಲಿಸುವವನು ಮೊದಲನೆಯವನು. ಮುಂದಿನ ಉತ್ತರಗಳಲ್ಲಿ ಬರುವ ಬೇರೆ ಗುಣಗಳನ್ನು ಕೂಡ ನಾನು ಇದೇ ಮೂಲದಿಂದ ಹುಟ್ಟಿದವು ಎಂದು ತಿಳಿದಿದ್ದೇನೆ.

ನಾನು ತುಂಬಾ ನಾಚಿಕೆ ಸ್ವಭಾವದವಳು. ಇಂಥವರಿಗೆ ತಂಡದಲ್ಲಿ ಜಾಗವಿದೆಯೇ?

ಇದೆ. ನಾಚಿಕೆಯಿರುವವರು ಹೆಚ್ಚಾಗಿ ಚೆನ್ನಾಗಿ ಗಮನಿಸುವವರೂ ಆಗಿರುತ್ತಾರೆ, ಮತ್ತು ಗಮನಿಸುವ ಶಕ್ತಿ ರಂಗದ ಮೇಲೆ ಬಹಳ ದೊಡ್ಡ ಬಂಡವಾಳ. ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು: ಅರ್ಥವಾಗದಿದ್ದಾಗ ಕೇಳುವಷ್ಟು, ನೋವಾದಾಗ ನಿಲ್ಲಿಸಿ ಎನ್ನುವಷ್ಟು ದನಿ ನಿಮ್ಮಲ್ಲಿ ಇರಲೇಬೇಕು. ಅಷ್ಟಿದ್ದರೆ ಉಳಿದ ಮೌನ ಯಾರಿಗೂ ಅಡ್ಡಿಯಾಗುವುದಿಲ್ಲ.

ಸಮಯಪಾಲನೆಗೆ ಯಾಕೆ ಇಷ್ಟೊಂದು ಒತ್ತು? ಹತ್ತು ನಿಮಿಷ ತಡವಾದರೆ ಏನು ಮುಳುಗಿಹೋಗುತ್ತದೆ?

ಹನ್ನೆರಡು ಜನ ಸಿದ್ಧರಾಗಿ ನಿಂತಿರುವಾಗ ಹದಿಮೂರನೆಯವರು ಹತ್ತು ನಿಮಿಷ ತಡವಾಗಿ ಬಂದರೆ ಕಳೆದುಹೋದದ್ದು ಹತ್ತು ನಿಮಿಷವಲ್ಲ, ಹನ್ನೆರಡು ಜನರ ಒಟ್ಟು ಎರಡು ಗಂಟೆ. ಅದೂ ದಿನದ ಕೆಲಸ ಮುಗಿಸಿ, ಮನೆಯನ್ನು ಯಾರಿಗೋ ಒಪ್ಪಿಸಿ ಬಂದವರ ಗಂಟೆಗಳು.

ಪ್ರದರ್ಶನದ ದಿನ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಬ್ರಿಟನ್ನಿನ ರಂಗಮಂದಿರಗಳಲ್ಲಿ ‘ಹಾಫ್’ ಎಂಬ ಕರೆಯೊಂದಿದೆ. ಹೆಸರು ಅರ್ಧ ಗಂಟೆಯದ್ದಾದರೂ ಅದನ್ನು ಪರದೆ ಏಳುವುದಕ್ಕೆ 35 ನಿಮಿಷ ಮೊದಲೇ ಕೊಡುತ್ತಾರೆ. ಮೊದಲ ದೃಶ್ಯದವರು ತಮ್ಮ ಜಾಗದಲ್ಲಿ ಇರಬೇಕಾದದ್ದು ಪರದೆಗೆ 5 ನಿಮಿಷ ಮೊದಲು. ಅರ್ಧ ಗಂಟೆಯನ್ನು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾರೆ. ಆ ಕರೆಯ ಹೊತ್ತಿಗೆ ಕಲಾವಿದರು ಕಟ್ಟಡದೊಳಗೆ ಇಲ್ಲದಿದ್ದರೆ ಬದಲಿ ಕಲಾವಿದರನ್ನು ಸಿದ್ಧಪಡಿಸುವ ಯೋಚನೆ ಆರಂಭವಾಗುತ್ತದೆ. ಇದು ಕಟ್ಟುನಿಟ್ಟಿಗಾಗಿ ಮಾಡಿದ ಕಟ್ಟುನಿಟ್ಟಲ್ಲ. ವೇಷ ಕಟ್ಟಲು, ಬಣ್ಣ ಹಚ್ಚಲು, ದೇಹ ಮತ್ತು ಕಂಠವನ್ನು ಹದಗೊಳಿಸಲು ಬೇಕಾದ ಸಮಯವನ್ನು ಯಾರೂ ಯಾರಿಂದಲೂ ಕಸಿದುಕೊಳ್ಳಬಾರದು ಎಂಬ ಏರ್ಪಾಡು ಅದು.

ತಡವಾಗುವುದು ಅನಿವಾರ್ಯವಾದ ದಿನಗಳು ಎಲ್ಲರಿಗೂ ಬರುತ್ತವೆ. ಅಂಥ ದಿನ ತಿಳಿದ ಕೂಡಲೇ ಸುದ್ದಿ ಕೊಟ್ಟರೆ ನಿರ್ದೇಶಕರು ಬೇರೆ ದೃಶ್ಯವನ್ನು ಎತ್ತಿಕೊಳ್ಳಬಹುದು.

ಮನೆಯಲ್ಲಿ ಎಷ್ಟು ತಯಾರಿ ಮಾಡಿಕೊಂಡು ಬರಬೇಕು? ತಾಲೀಮು ಇರುವುದೇ ಕಲಿಯಲು ಅಲ್ಲವೇ?

ಒಬ್ಬರೇ ಕುಳಿತು ಮಾಡಬಹುದಾದದ್ದನ್ನೆಲ್ಲ ಮನೆಯಲ್ಲಿ ಮುಗಿಸಿ, ಇನ್ನೊಬ್ಬರಿಲ್ಲದೆ ಆಗದ ಕೆಲಸಕ್ಕಾಗಿ ತಾಲೀಮಿಗೆ ಬನ್ನಿ. ಮಾತುಗಳ ಬಾಯಿಪಾಠ, ಹಾಡಿನ ಸ್ವರಗಳು, ಹೆಜ್ಜೆಗಳ ಎಣಿಕೆ ಇವು ಮನೆಯ ಕೆಲಸ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಎಲ್ಲಿ ತಾಗಬೇಕು, ಇಬ್ಬರ ನಡುವೆ ಎಷ್ಟು ದೂರವಿರಬೇಕು, ಮೌನ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ತಾಲೀಮಿನ ಕೆಲಸ. ಪುಸ್ತಕ ಕೈಯಲ್ಲಿ ಹಿಡಿದಿರುವಷ್ಟು ದಿನ ಎದುರಿನ ನಟನ ಕಣ್ಣನ್ನು ನೋಡಲಾಗುವುದಿಲ್ಲ ಎಂಬುದನ್ನು ನೆನಪಿಟ್ಟರೆ, ಬಾಯಿಪಾಠವನ್ನು ಯಾವಾಗ ಮುಗಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ.

## ತಾಲೀಮಿನ ಕೋಣೆಯಲ್ಲಿ

‘ಸರಿಯಾಗಿ ಕೇಳಿಸಿಕೋ’ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಅದರ ಅರ್ಥವೇನು?

ಈ ಪ್ರಶ್ನೆಗೆ ಮೇಳಗಾಯಕರು ಕೊಡುವ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ. ಇಪ್ಪತ್ತು ಜನ ಒಂದೇ ಸ್ವರವನ್ನು ಒಬ್ಬರ ಉಸಿರಿಗೆ ನಿಲುಕದಷ್ಟು ಹೊತ್ತು ಹಿಡಿಯಬೇಕಾಗಿದೆ ಎಂದುಕೊಳ್ಳಿ. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ನಾದ ತುಂಡಾಗುತ್ತದೆ. ಆದ್ದರಿಂದ ಅವರು ಬೇರೆ ಬೇರೆ ಗಳಿಗೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ: ಪಕ್ಕದವರು ಉಸಿರೆಳೆಯುವ ಕ್ಷಣದಲ್ಲಿ ತಾವು ಹಾಡುತ್ತಲೇ ಇದ್ದು, ಅವರು ಮರಳಿದ ಮೇಲೆ ತಮ್ಮ ದನಿಯನ್ನು ಮೆಲ್ಲಗೆ ಇಳಿಸಿ, ಉಸಿರೆಳೆದು, ಯಾರಿಗೂ ತಿಳಿಯದಂತೆ ಮತ್ತೆ ಸ್ವರದೊಳಗೆ ಸೇರಿಕೊಳ್ಳುತ್ತಾರೆ. ಕೇಳುವವರಿಗೆ ನಾದ ಎಲ್ಲೂ ನಿಂತಂತೆ ತೋರುವುದಿಲ್ಲ. ಇದಕ್ಕೆ ಪಕ್ಕದವರ ಸ್ವರ ಕೇಳಿಸಿದರೆ ಸಾಲದು, ಅವರ ಉಸಿರೂ ಕೇಳಿಸಬೇಕು. ಕೇಳಿಸಿಕೊಳ್ಳುವುದೆಂದರೆ ನನ್ನ ಪ್ರಕಾರ ಇದೇ.

ಕೇಳುವುದು ಕಿವಿಯ ಕೆಲಸ ಮಾತ್ರವೂ ಅಲ್ಲ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ದೊಡ್ಡ ವಾದ್ಯವೃಂದದಲ್ಲಿ ಒಂದು ತುದಿಯ ನಾದ 17 ಮೀಟರ್ ದೂರದ ಇನ್ನೊಂದು ತುದಿಯನ್ನು ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಹಿಡಿಯುತ್ತದೆ, ಮತ್ತು ವೇಗದ ಲಯದಲ್ಲಿ ಅಷ್ಟು ವಿಳಂಬ ಎದ್ದು ಕೇಳಿಸುತ್ತದೆ. ಹಿಂದಿನ ಸಾಲಿನವರು ಮುಂದಿನವರ ನಾದ ತಮ್ಮ ಕಿವಿಗೆ ಬೀಳಲೆಂದು ಕಾದರೆ ತಪ್ಪದೆ ಹಿಂದುಳಿಯುತ್ತಾರೆ. ಹಾಗಾಗಿ ಅವರು, ವೃಂದದ ಮುಂದೆ ನಿಂತು ಕೈಸನ್ನೆಯಿಂದ ಲಯ ತೋರಿಸುವ ಸಂಚಾಲಕರ ಕೈಯನ್ನೂ ಮುಂದಿನ ವಾದಕರ ಕಮಾನಿನ ಚಲನೆಯನ್ನೂ ಕಣ್ಣಿನಿಂದ ಹಿಡಿದು ನುಡಿಸುತ್ತಾರೆ. ನರ್ತಕರು ಇದೇ ಕೆಲಸವನ್ನು ಕಣ್ಣಂಚಿನಿಂದ, ಪಕ್ಕದ ದೇಹದ ತೂಕ ಬದಲಾಗುವುದನ್ನು ಗ್ರಹಿಸುತ್ತ ಮಾಡುತ್ತಾರೆ.

ನಟರ ವಿಷಯಕ್ಕೆ ಬಂದರೆ, ಎದುರಿನವರ ಮಾತು ಮುಗಿಯುವುದನ್ನು ಕಾಯುವುದು ಬೇರೆ, ಅವರ ಮಾತನ್ನು ಕೇಳುವುದು ಬೇರೆ. ಸಹನಟಿ ಇಂದು ಒಂದು ಪದವನ್ನು ನಿನ್ನೆಗಿಂತ ಮೆಲ್ಲಗೆ ಹೇಳಿದಳೆಂದಾದರೆ ನಿಮ್ಮ ಉತ್ತರವೂ ಇಂದು ಕೊಂಚ ಬೇರೆಯಾಗಬೇಕು. ಅವಳು ಏನೇ ಮಾಡಿದರೂ ನಿಮ್ಮ ಉತ್ತರ ನಿನ್ನೆಯ ಹಾಗೆಯೇ ಬರುತ್ತಿದ್ದರೆ ನೀವು ಕೇಳುತ್ತಿಲ್ಲ, ನೆನಪಿನಿಂದ ಒಪ್ಪಿಸುತ್ತಿದ್ದೀರಿ.

ನಿರ್ದೇಶಕರು ಎಲ್ಲರ ಮುಂದೆ ತಪ್ಪು ತೋರಿಸಿದಾಗ ಮನಸ್ಸಿಗೆ ನೋವಾಗುತ್ತದೆ. ಏನು ಮಾಡಲಿ?

ನೋವಾಗುವುದು ಸಹಜ. ರಂಗದ ಮೇಲೆ ಕಲಾವಿದನ ಸಾಧನವೆಂದರೆ ಅವನ ದೇಹ ಮತ್ತು ದನಿ. ಅವುಗಳ ಬಗ್ಗೆ ಬಂದ ಮಾತು ತನ್ನ ಬಗ್ಗೆಯೇ ಬಂದ ಹಾಗೆ ತೋರುತ್ತದೆ. ಸಣ್ಣದೊಂದು ಅಭ್ಯಾಸ ಇದಕ್ಕೆ ಸಹಾಯ ಮಾಡುತ್ತದೆ. ನೋಟ್ ಪುಸ್ತಕವೊಂದನ್ನು ಇಟ್ಟುಕೊಂಡು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ, ವಿವರಣೆ ಕೊಡಲು ಹೋಗಬೇಡಿ. ‘ನಾನು ಹಾಗೆ ಮಾಡಿದ್ದು ಯಾಕೆಂದರೆ’ ಎಂದು ಆರಂಭವಾಗುವ ವಾಕ್ಯ ಹೆಚ್ಚಿನ ಸಲ ದೃಶ್ಯಕ್ಕೆ ಏನನ್ನೂ ಕೊಡದೆ ಎಲ್ಲರ ಸಮಯವನ್ನು ತಿನ್ನುತ್ತದೆ. ಬರೆದುಕೊಂಡದ್ದು ಅರ್ಥವಾಗದಿದ್ದರೆ ತಾಲೀಮು ಮುಗಿದ ಮೇಲೆ ಕೇಳಿ, ಮರುದಿನ ಅದನ್ನು ಮಾಡಿ ತೋರಿಸಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಕೆಲಸವನ್ನು ತಿದ್ದುವುದಕ್ಕೂ ವ್ಯಕ್ತಿಯನ್ನು ಹೀಯಾಳಿಸುವುದಕ್ಕೂ ವ್ಯತ್ಯಾಸವಿದೆ. ‘ಆ ಸಾಲು ಹಿಂದಿನವರಿಗೆ ಕೇಳಿಸುತ್ತಿಲ್ಲ’ ಎಂಬುದು ತಿದ್ದುಪಡಿ. ನಿಮ್ಮ ಮೈಬಣ್ಣ, ಮನೆತನ, ಬುದ್ಧಿಯ ಬಗ್ಗೆ ಆಡುವ ಮಾತು ತಿದ್ದುಪಡಿಯಲ್ಲ. ಅದನ್ನು ಸಹಿಸಿಕೊಳ್ಳುವುದನ್ನು ಒಳ್ಳೆಯ ಸದಸ್ಯನ ಗುಣವೆಂದು ಯಾರಾದರೂ ಕಲಿಸಿದರೆ ನಂಬಬೇಡಿ.

ಸಹನಟ ಪದೇ ಪದೇ ಅದೇ ತಪ್ಪು ಮಾಡುತ್ತಿದ್ದಾನೆ. ನಾನೇ ಅವನಿಗೆ ಹೇಳಿದರೆ ತಪ್ಪೇ?

ನಟರು ಪರಸ್ಪರ ತಿದ್ದಬಾರದು ಎಂಬುದು ಬಹುತೇಕ ತಂಡಗಳು ಪಾಲಿಸುವ ನಿಯಮ, ಮತ್ತು ಅದರ ಬೆಲೆ ನನಗೆ ಗೊತ್ತಾದದ್ದು ಅದನ್ನು ಮುರಿದ ಮೇಲೆ. ಹಲವು ವರ್ಷಗಳ ಹಿಂದೆ, ಪರದೆ ಏಳಲು ಸ್ವಲ್ಪ ಹೊತ್ತಿರುವಾಗ, ನನ್ನ ಜೊತೆಯ ನಟನಿಗೆ ‘ಆ ಪತ್ರ ಓದುವಾಗ ಸ್ವಲ್ಪ ನಿಧಾನವಾಗಿ ಓದು’ ಎಂದು ಹೇಳಿದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಬೇಗ ಓದು ಎಂದು ನಿರ್ದೇಶಕರೇ ಹಿಂದಿನ ದಿನ ಅವನಿಗೆ ಹೇಳಿದ್ದರು. ರಂಗದ ಮೇಲೆ ಪತ್ರ ಹಿಡಿದು ನಿಂತಾಗ ಎರಡು ಮಾತುಗಳ ನಡುವೆ ಸಿಕ್ಕಿಕೊಂಡು ಅವನ ಕೈ ನಡುಗುತ್ತಿದ್ದುದನ್ನು ನಾನು ಎರಡು ಅಡಿ ದೂರದಿಂದ ನೋಡಿದೆ. ಕಾಗದದ ಸದ್ದು ಮುಂದಿನ ಸಾಲಿಗೂ ಕೇಳಿಸುತ್ತಿತ್ತು. ತಪ್ಪು ಪೂರ್ತಿಯಾಗಿ ನನ್ನದು.

ನಿಮ್ಮಿಬ್ಬರ ನಡುವಿನ ಪ್ರಾಯೋಗಿಕ ತೊಂದರೆಯನ್ನು ನಿಮ್ಮ ಕಡೆಯಿಂದ ಹೇಳಬಹುದು: ‘ನೀನು ಆ ಕಡೆ ತಿರುಗಿದಾಗ ನನಗೆ ನಿನ್ನ ಮಾತು ಕೇಳಿಸುವುದಿಲ್ಲ, ಇಬ್ಬರೂ ಸೇರಿ ಇನ್ನೊಮ್ಮೆ ಮಾಡಿ ನೋಡೋಣವೇ?’ ಅಭಿನಯದ ಬಗ್ಗೆ ಹೇಳಬೇಕಾದದ್ದಿದ್ದರೆ ನಿರ್ದೇಶಕರ ಬಳಿ ಹೇಳಿ. ಅದನ್ನು ಅವನಿಗೆ ಹೇಳಬೇಕೋ ಬೇಡವೋ ಎಂಬುದು ಅವರ ತೀರ್ಮಾನ.

ಎರಡೇ ಸಾಲಿನ ಪಾತ್ರ ಕೊಟ್ಟಿದ್ದಾರೆ. ಉತ್ಸಾಹ ಹೇಗೆ ಉಳಿಸಿಕೊಳ್ಳುವುದು?

ರಷ್ಯಾದ ರಂಗಕರ್ಮಿಗಳಾದ ಸ್ತಾನಿಸ್ಲಾವ್‌ಸ್ಕಿ ಮತ್ತು ನೆಮಿರೊವಿಚ್-ದಾನ್‌ಚೆಂಕೊ 1897ರಲ್ಲಿ ಮಾಸ್ಕೋದ ಒಂದು ಭೋಜನಾಲಯದಲ್ಲಿ ಭೇಟಿಯಾಗಿ, ಹದಿನೆಂಟು ಗಂಟೆಗಳ ಕಾಲ ಮಾತನಾಡಿ, ತಾವು ಕಟ್ಟಲಿರುವ ರಂಗತಂಡದ ನಿಯಮಗಳನ್ನು ಗೊತ್ತುಮಾಡಿಕೊಂಡರು. ಮರುವರ್ಷ ಅದು ಮಾಸ್ಕೋ ಆರ್ಟ್ ಥಿಯೇಟರ್ ಆಗಿ ಆರಂಭವಾಯಿತು. ಇಂದು ನಾಯಕನ ಪಾತ್ರ ಮಾಡಿದವನು ನಾಳೆ ಗುಂಪಿನಲ್ಲಿ ಒಬ್ಬನಾಗಿ ನಿಲ್ಲಲು ಸಿದ್ಧನಿರಬೇಕು, ಆಗಲೂ ಕಲಾವಿದನಾಗಿಯೇ ನಿಲ್ಲಬೇಕು ಎಂಬುದು ಅಲ್ಲಿ ಆದ ಒಪ್ಪಂದಗಳಲ್ಲಿ ಒಂದು.

ಇದು ಸಣ್ಣ ಪಾತ್ರದವರನ್ನು ಸಮಾಧಾನಪಡಿಸಲು ಮಾಡಿಕೊಂಡ ನಿಯಮವಲ್ಲ. ರಾಜನೊಬ್ಬ ರಾಜನೆಂದು ಪ್ರೇಕ್ಷಕರಿಗೆ ತಿಳಿಯುವುದು ಅವನ ಕಿರೀಟದಿಂದಲ್ಲ, ಅವನು ಒಳಗೆ ಬಂದಾಗ ಮೂಲೆಯಲ್ಲಿ ನಿಂತ ಸೇವಕನ ಬೆನ್ನು ನೆಟ್ಟಗಾಗುವುದರಿಂದ. ಆ ಸೇವಕ ಬೇರೆಲ್ಲೋ ನೋಡುತ್ತಿದ್ದರೆ ನಾಯಕನಟ ಎಷ್ಟು ಕೂಗಿದರೂ ಆ ಅಧಿಕಾರ ಹುಟ್ಟುವುದಿಲ್ಲ. ಎರಡು ಸಾಲಿನ ಪಾತ್ರದವರು ಆ ಎರಡು ಸಾಲುಗಳ ಬಗ್ಗೆ ಕಡಿಮೆ ಯೋಚಿಸಿ, ರಂಗದ ಮೇಲೆ ಮಾತಿಲ್ಲದೆ ನಿಲ್ಲುವ ಇಪ್ಪತ್ತು ನಿಮಿಷಗಳ ಬಗ್ಗೆ ಹೆಚ್ಚು ಯೋಚಿಸಬೇಕು ಎಂಬುದು ನನ್ನ ಸಲಹೆ.

ನನ್ನ ಆಲೋಚನೆ ನಿರ್ದೇಶಕರದ್ದಕ್ಕಿಂತ ಚೆನ್ನಾಗಿದೆ ಎನ್ನಿಸಿದರೆ ಹೇಳಬಹುದೇ?

ಹೇಳಬಹುದು, ಆದರೆ ಮೊದಲು ಅವರು ಹೇಳಿದ್ದನ್ನು ಮನಸ್ಸಿಟ್ಟು ಮಾಡಿ ನೋಡಿ. ಅರೆಮನಸ್ಸಿನಿಂದ ಮಾಡಿ, ‘ನೋಡಿ, ಆಗಲಿಲ್ಲ’ ಎನ್ನುವುದು ಪ್ರಾಮಾಣಿಕತೆಯಲ್ಲ. ಮಾಡಿ ನೋಡಿದ ಮೇಲೂ ನಿಮ್ಮ ಆಲೋಚನೆ ಉಳಿದಿದ್ದರೆ ಅದನ್ನು ಎರಡು ವಾಕ್ಯಗಳಲ್ಲಿ ಹೇಳಿ, ಸಾಧ್ಯವಾದರೆ ಮಾಡಿ ತೋರಿಸಿ, ಬೇಡವೆಂದರೆ ಬಿಟ್ಟುಬಿಡಿ.

ಎಷ್ಟು ಆಲೋಚನೆ ಹೊತ್ತು ತರಬೇಕೆಂಬುದು ತಂಡದಿಂದ ತಂಡಕ್ಕೆ ಬೇರೆಯಾಗುತ್ತದೆ. 1973ರಲ್ಲಿ ಜರ್ಮನಿಯ ವುಪರ್ಟಾಲ್ ನಗರದ ನೃತ್ಯತಂಡದ ಹೊಣೆ ಹೊತ್ತ ಪಿನಾ ಬೌಷ್ ಕಾಲಕ್ರಮದಲ್ಲಿ ತಮ್ಮ ನರ್ತಕರಿಗೆ ಹೆಜ್ಜೆಗಳನ್ನು ಹೇಳಿಕೊಡುವ ಬದಲು ಪ್ರಶ್ನೆಗಳನ್ನು ಕೇಳಿ, ಅವರು ಮಾತಿನಲ್ಲೋ ಚಲನೆಯಲ್ಲೋ ಕೊಟ್ಟ ಉತ್ತರಗಳಿಂದ ಕೃತಿಗಳನ್ನು ಕಟ್ಟಿದರು. ಅಂಥ ತಂಡದಲ್ಲಿ ಸುಮ್ಮನೆ ಕಾಯುವವನು ಏನನ್ನೂ ಕೊಡಲಾರ. ಪ್ರತಿ ಹೆಜ್ಜೆಯೂ ಮೊದಲೇ ನಿಗದಿಯಾದ ಮೇಳನೃತ್ಯದಲ್ಲಾದರೆ ತನ್ನದೊಂದು ಚಮತ್ಕಾರ ಸೇರಿಸುವವನು ಸಾಲನ್ನು ಕೆಡಿಸುತ್ತಾನೆ. ತಾನು ಯಾವ ಬಗೆಯ ತಂಡದಲ್ಲಿದ್ದೇನೆ ಎಂಬುದನ್ನು ಮೊದಲ ವಾರದಲ್ಲೇ ಅರಿತುಕೊಳ್ಳುವುದು ಒಳ್ಳೆಯದು.

## ಪ್ರದರ್ಶನದ ಹೊತ್ತಿನಲ್ಲಿ

ರಂಗದ ಮೇಲೆ ಎದುರಿನ ನಟ ಮಾತು ಮರೆತುಬಿಟ್ಟರೆ ನಾನೇನು ಮಾಡಬೇಕು?

ಮೊದಲು ಅವನ ಕಣ್ಣನ್ನು ಬಿಡದೆ ನೋಡಿ. ಮರೆತವನಿಗೆ ಆ ಕ್ಷಣದಲ್ಲಿ ಬೇಕಾದದ್ದು ‘ನಾನು ಒಬ್ಬನೇ ಇಲ್ಲ’ ಎಂಬ ಭರವಸೆ, ಮತ್ತು ಅರ್ಧದಷ್ಟು ಸಂದರ್ಭಗಳಲ್ಲಿ ಅಷ್ಟರಿಂದಲೇ ಮಾತು ಮರಳಿ ಬರುತ್ತದೆ. ಬಾರದಿದ್ದರೆ ಅವನು ಹೇಳಬೇಕಾಗಿದ್ದ ವಿಷಯವನ್ನು ನಿಮ್ಮ ಪಾತ್ರದ ಬಾಯಲ್ಲಿ ಪ್ರಶ್ನೆಯಾಗಿ ಕೇಳಿ. ‘ಹಾಗಾದರೆ ನೀನು ನಿನ್ನೆ ರಾತ್ರಿ ಊರಲ್ಲಿ ಇರಲಿಲ್ಲವೇ?’ ಎಂಬಂಥ ಒಂದು ಪ್ರಶ್ನೆ ಅವನನ್ನು ಸರಿಯಾದ ಜಾಗಕ್ಕೆ ತಂದು ನಿಲ್ಲಿಸಬಲ್ಲದು. ಅವನು ಒಂದು ಪುಟವನ್ನೇ ಹಾರಿಸಿ ಮುಂದೆ ಹೋಗಿದ್ದರೆ ಜೊತೆಯಲ್ಲೇ ಮುಂದೆ ಹೋಗಿ. ಕಥೆಗೆ ತೀರ ಅಗತ್ಯವಾದ ಸಂಗತಿ ಬಿಟ್ಟುಹೋಗಿದ್ದರೆ ಮಾತ್ರ ಅದನ್ನು ಎಲ್ಲಾದರೂ ಸೇರಿಸಿ.

ಆಶುನಾಟಕದ, ಅಂದರೆ ಬರೆದ ಮಾತಿಲ್ಲದೆ ರಂಗದ ಮೇಲೆಯೇ ಕಟ್ಟಿ ಆಡುವ ನಾಟಕದ, ಗುರು ಕೀತ್ ಜಾನ್‌ಸ್ಟನ್ ತಮ್ಮ ಶಿಷ್ಯರಿಗೆ, ಸಹನಟ ರಂಗದ ಮೇಲೆ ಏನೇ ಮಾಡಿದರೂ ಅದನ್ನು ತನಗೆ ಕೊಟ್ಟ ಒಂದು ಕೊಡುಗೆಯೆಂದು ಸ್ವೀಕರಿಸಿ ಮುಂದುವರಿಸಬೇಕು, ತಡೆಯಬಾರದು ಎಂದು ಕಲಿಸಿದರು. ಬರೆದ ನಾಟಕವನ್ನು ಆಡುವವರೂ ಈ ಅಭ್ಯಾಸವನ್ನು ಆಗಾಗ ಮಾಡಿದರೆ ಇಂಥ ಗಳಿಗೆಯಲ್ಲಿ ದೇಹ ತಾನಾಗಿ ಸ್ಪಂದಿಸುತ್ತದೆ. ಪ್ರದರ್ಶನ ಮುಗಿದ ಮೇಲೆ ಗ್ರೀನ್ ರೂಮಿನಲ್ಲಿ ‘ನೀನು ಮರೆತೆ’ ಎಂದು ಅವನಿಗೆ ಹೇಳಬೇಕಾಗಿಲ್ಲ. ಅವನಿಗೆ ಅದು ಗೊತ್ತಿದೆ.

ತೆರೆಯ ಹಿಂದೆ ಕೆಲಸ ಮಾಡುವವರಿಗೂ ಇವೇ ಗುಣಗಳು ಬೇಕೇ?

ಇನ್ನೂ ಹೆಚ್ಚಾಗಿ ಬೇಕು, ಏಕೆಂದರೆ ಅವರಿಗೆ ಚಪ್ಪಾಳೆಯ ನೆರವಿಲ್ಲ. ರಂಗತಂಡವೆಂದರೆ ನಟರು ಮಾತ್ರ ಎಂಬ ಭಾವನೆ ಹಳೆಯದೇನಲ್ಲ. ನಾಟ್ಯಶಾಸ್ತ್ರ ತಂಡದ ಸದಸ್ಯರನ್ನು ಹೆಸರಿಸುವಾಗ ಸೂತ್ರಧಾರ, ನಟ, ವಿದೂಷಕರ ಜೊತೆಯಲ್ಲೇ ಕಿರೀಟ ಮಾಡುವವನನ್ನು, ಆಭರಣ ಮಾಡುವವನನ್ನು, ಮಾಲೆ ಕಟ್ಟುವವನನ್ನು, ಚಿತ್ರಕಾರನನ್ನು ಕೂಡ ಹೇಳುತ್ತದೆ.

ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ, ಇರುವ ಪರಿಕರಗಳ ಮೇಜನ್ನು ಒಮ್ಮೆ ಹತ್ತಿರದಿಂದ ನೋಡಿ. ಚೆನ್ನಾಗಿ ನಡೆಯುವ ತಂಡದಲ್ಲಿ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಪ್ರತಿ ವಸ್ತುವಿನ ಸುತ್ತ ಗೆರೆ ಎಳೆದು, ಒಳಗೆ ಅದರ ಹೆಸರನ್ನೂ ಅದು ಬೇಕಾಗುವ ದೃಶ್ಯವನ್ನೂ ಬರೆದಿರುತ್ತಾರೆ: ಲಾಟೀನು, ಎರಡನೇ ದೃಶ್ಯ, ಕೋಲು, ನಾಲ್ಕನೇ ದೃಶ್ಯ, ಮಡಿಸಿದ ಪತ್ರ, ಐದನೇ ದೃಶ್ಯ. ಮಬ್ಬು ನೀಲಿ ಬೆಳಕಿನಲ್ಲೂ ಯಾವ ಗೆರೆಯೊಳಗಿನ ಜಾಗ ಖಾಲಿಯಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇನ್ನೊಬ್ಬರ ಪರಿಕರವನ್ನು ಮುಟ್ಟಬಾರದು, ಬಳಸಿದ್ದನ್ನು ಅದೇ ಗೆರೆಯೊಳಗೆ ತಂದಿಡಬೇಕು ಎಂಬ ನಿಯಮವನ್ನು ನಾಯಕನಟನೂ ಪಾಲಿಸಬೇಕು. ನಾನು ಹೊಸ ತಂಡವೊಂದಕ್ಕೆ ಹೋದಾಗ ಮೊದಲು ನೋಡುವುದು ಈ ಮೇಜನ್ನು.

ರಂಗನಿರ್ವಾಹಕರ ಕೆಲಸದಲ್ಲಿ ಇದೇ ಶಿಸ್ತು ಮಾತಿನ ರೂಪದಲ್ಲಿರುತ್ತದೆ. ಹೆಡ್‌ಸೆಟ್‌ನಲ್ಲಿ ಮೊದಲು ‘ಸ್ಟ್ಯಾಂಡ್‌ಬೈ’ ಎಂದು ಎಚ್ಚರಿಸಿ, ಸರಿಯಾದ ಗಳಿಗೆಯಲ್ಲಿ ‘ಗೋ’ ಎನ್ನುತ್ತಾರೆ; ಆ ಪದ ಕೇಳಿದ ಕೂಡಲೇ ಬೆಳಕು ಬದಲಾಗುತ್ತದೆ ಅಥವಾ ಪರದೆ ಚಲಿಸುತ್ತದೆ. ಆದ್ದರಿಂದ ಹೆಡ್‌ಸೆಟ್ ಹಾಕಿಕೊಂಡವರು ಆ ಪದವನ್ನು ಬೇರೆ ಯಾವ ಅರ್ಥದಲ್ಲೂ ಬಾಯಿಗೆ ತರುವುದಿಲ್ಲ. ಎರಡೂವರೆ ಗಂಟೆ ತನ್ನ ನಾಲಿಗೆಯ ಮೇಲೆ ಇಷ್ಟು ನಿಗಾ ಇಡುವವರ ತಾಳ್ಮೆಗೆ ನಾನು ತಲೆಬಾಗುತ್ತೇನೆ.

ಜ್ವರವಿದ್ದರೂ, ಕಾಲು ಉಳುಕಿದ್ದರೂ ‘ಪ್ರದರ್ಶನ ನಿಲ್ಲಬಾರದು’ ಎನ್ನುತ್ತಾರೆ. ಇದು ಸರಿಯೇ?

ಪ್ರದರ್ಶನ ನಿಲ್ಲಬಾರದೆಂಬ ಹಂಬಲ ಒಳ್ಳೆಯದು. ಅದಕ್ಕಾಗಿ ನೋವನ್ನು ಮುಚ್ಚಿಡುವುದು ಕೆಟ್ಟದ್ದು. ಇನ್ನೊಬ್ಬಳನ್ನು ಭುಜದ ಮೇಲೆ ಎತ್ತಬೇಕಾದ ನರ್ತಕ ತನ್ನ ಬೆನ್ನುನೋವನ್ನು ಮುಚ್ಚಿಟ್ಟರೆ ಅಪಾಯಕ್ಕೆ ಒಳಗಾಗುವುದು ಅವನೊಬ್ಬನೇ ಅಲ್ಲ. ಬದಲಿ ಕಲಾವಿದರನ್ನು ಸಿದ್ಧವಾಗಿಡುವ ಪದ್ಧತಿ ಇರುವುದೇ ಇದಕ್ಕಾಗಿ. ಚಿಕ್ಕ ತಂಡಕ್ಕೆ ಅಷ್ಟು ಜನರಿಲ್ಲದಿದ್ದರೆ, ಎತ್ತುವ ಭಾಗವನ್ನು ನೆಲದ ಮೇಲಿನ ಚಲನೆಯಾಗಿ ಬದಲಿಸಲು ಒಂದು ಗಂಟೆಯ ಸಮಯ ಸಾಕು, ಆದರೆ ಆ ಒಂದು ಗಂಟೆ ಸಿಗಬೇಕಾದರೆ ವಿಷಯ ಮೊದಲೇ ತಿಳಿದಿರಬೇಕು.

ಸುರಕ್ಷತೆ ನೋಡಿಕೊಳ್ಳುವುದು ವ್ಯವಸ್ಥಾಪಕರ ಕೆಲಸವಲ್ಲವೇ? ಕಲಾವಿದನಿಗೇನು ಸಂಬಂಧ?

1903ರ ಡಿಸೆಂಬರ್ 30ರಂದು ಷಿಕಾಗೋದ ಇರೋಕ್ವಾ ರಂಗಮಂದಿರದಲ್ಲಿ ಪ್ರದರ್ಶನ ನಡೆಯುತ್ತಿರುವಾಗಲೇ ದೀಪವೊಂದರಿಂದ ಬೆಂಕಿ ಹೊತ್ತಿಕೊಂಡಿತು. ಬೆಂಕಿ ತಡೆಯಬೇಕಾಗಿದ್ದ ಸುರಕ್ಷಾ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು, ಹೊರಹೋಗುವ ಬಾಗಿಲುಗಳಲ್ಲಿ ಹಲವು ತೆರೆಯಲಿಲ್ಲ, 600ಕ್ಕೂ ಹೆಚ್ಚು ಜನ ಸತ್ತರು. ಆ ಕಟ್ಟಡ ತೆರೆದು ಎರಡು ತಿಂಗಳೂ ತುಂಬಿರಲಿಲ್ಲ.

ಬಾಗಿಲು ತೆರೆಯುತ್ತದೆಯೇ, ಮೇಲೆ ನೇತುಹಾಕಿದ ದೀಪಕ್ಕೆ ಭದ್ರತೆಯ ಸರಪಣಿ ಇದೆಯೇ, ಮೆಟ್ಟಿಲ ಅಂಚಿನಲ್ಲಿ ಕತ್ತಲಲ್ಲಿ ಹೊಳೆಯುವ ಪಟ್ಟಿ ಅಂಟಿಸಿದ್ದಾರೆಯೇ ಎಂದು ನೋಡುವ ಜವಾಬ್ದಾರಿ ಕಾಗದದ ಮೇಲೆ ಯಾರದ್ದೇ ಆಗಿರಲಿ, ಕಣ್ಣಿಗೆ ಬಿದ್ದವರು ಹೇಳಬೇಕು. ‘ನನಗ್ಯಾಕೆ’ ಎನ್ನುವುದು ಉಳಿದೆಡೆ ಸೋಮಾರಿತನವಾದರೆ ಇಲ್ಲಿ ಅದು ಅಪರಾಧಕ್ಕೆ ಹತ್ತಿರವಾಗುತ್ತದೆ.

## ತಂಡ ನಡೆಸುವವರು ಮತ್ತು ಹಳಬರು ಕೇಳಿದ್ದು

ತಂಡದವರೆಲ್ಲ ಆತ್ಮೀಯ ಗೆಳೆಯರಾಗಿರಬೇಕೇ?

ಬೇಕಾಗಿಲ್ಲ. ನಂಬಿಕೆ ಬೇಕು, ಗೆಳೆತನ ಬಂದರೆ ಸಂತೋಷ. ರಂಗದಾಚೆ ವಿಶೇಷ ಮಾತುಕತೆಯೇ ಇಲ್ಲದ ಇಬ್ಬರು ರಂಗದ ಮೇಲೆ ಒಬ್ಬರನ್ನೊಬ್ಬರು ಅದ್ಭುತವಾಗಿ ಕಾಯುವುದನ್ನು ನೋಡಿದ್ದೇನೆ.

ಅಸಾಧಾರಣ ಪ್ರತಿಭೆಯ ಕಲಾವಿದನೊಬ್ಬನಿದ್ದಾನೆ, ಆದರೆ ಅವನ ನಡವಳಿಕೆಯಿಂದ ಎಲ್ಲರೂ ಬೇಸತ್ತಿದ್ದಾರೆ. ಉಳಿಸಿಕೊಳ್ಳಬೇಕೇ?

ಮೊದಲು ಅವನೊಡನೆ ಒಬ್ಬರೇ ಕುಳಿತು, ಹಾರಿಕೆಯ ಮಾತಿಲ್ಲದೆ, ಏನಾಯಿತು, ಯಾವ ದಿನ, ಯಾರಿಗೆ ಎಂದು ಹೇಳಿ ಮಾತನಾಡಿ. ‘ನಿನ್ನ ನಡವಳಿಕೆ ಸರಿಯಿಲ್ಲ’ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ‘ಕಳೆದ ಮೂರು ತಾಲೀಮುಗಳಲ್ಲಿ ನೀನು ಬರುವವರೆಗೆ ಉಳಿದವರು ಕಾದರು, ಮತ್ತು ಹೊಸ ಹುಡುಗಿ ತಪ್ಪಿದಾಗ ನೀನು ನಕ್ಕೆ’ ಎಂದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಹಲವರು ನಿಜವಾಗಿಯೂ ಬದಲಾಗುತ್ತಾರೆ, ಏಕೆಂದರೆ ಪ್ರತಿಭಾವಂತರಿಗೆ ಅವರ ತಪ್ಪನ್ನು ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಬದಲಾಗದಿದ್ದರೆ ಕಳುಹಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವನಿಂದ ಪ್ರದರ್ಶನಕ್ಕೆ ಬರುವ ಹೊಳಪು ಕಣ್ಣಿಗೆ ಕಾಣುತ್ತದೆ. ಅವನಿಗೆ ಹೆದರಿ ಉಳಿದವರು ಕೊಡದೆ ಉಳಿಸಿಕೊಂಡದ್ದು ಕಾಣುವುದಿಲ್ಲ. ಅವನು ಹೋದ ಮೇಲಿನ ಮೊದಲ ವಾರ ದೃಶ್ಯಗಳು ಬಡವಾದಂತೆ ತೋರುತ್ತವೆ. ಮೂರನೆಯ ವಾರದಲ್ಲಿ, ಅಲ್ಲಿಯವರೆಗೆ ಮೂಲೆಯಲ್ಲಿದ್ದ ಯಾರೋ ಒಬ್ಬರು ಬಾಯಿಬಿಟ್ಟು ಹಾಡಲು ಆರಂಭಿಸುತ್ತಾರೆ.

ಆಯ್ಕೆಯ ಹೊತ್ತಿನಲ್ಲಿ ಈ ಗುಣಗಳನ್ನು ಗುರುತಿಸುವುದು ಹೇಗೆ? ಎಲ್ಲರೂ ಆಗ ಒಳ್ಳೆಯವರೇ ಆಗಿರುತ್ತಾರಲ್ಲ?

ಸ್ವಗತವೊಂದನ್ನು ಒಪ್ಪಿಸಲು ಹೇಳಿದರೆ ಈ ಗುಣಗಳು ಕಾಣುವುದಿಲ್ಲ. ಆರು ಜನರನ್ನು ಒಟ್ಟಿಗೆ ಕರೆದು, ಮಾತಿಲ್ಲದೆ ಒಂದು ಭಾರವಾದ ಕಾಲ್ಪನಿಕ ಪೆಟ್ಟಿಗೆಯನ್ನು ಕೋಣೆಯ ಆಚೆ ತುದಿಗೆ ಸಾಗಿಸಿ ಎಂದು ಹೇಳಿ. ಮೂರು ನಿಮಿಷದಲ್ಲಿ ಬಹಳಷ್ಟು ತಿಳಿಯುತ್ತದೆ: ಪೆಟ್ಟಿಗೆಯ ಅಳತೆಯನ್ನು ಉಳಿದವರ ಕೈಗಳ ನಡುವಿನ ಅಂತರದಿಂದ ಅರಿಯುವವರು ಯಾರು, ತಮ್ಮ ಕಷ್ಟವನ್ನೇ ಮುಖದಲ್ಲಿ ಪ್ರದರ್ಶಿಸುವವರು ಯಾರು, ಹಿಂದಕ್ಕೆ ನಡೆಯುತ್ತಿರುವವರಿಗೆ ಕಣ್ಣಿನಲ್ಲೇ ದಾರಿ ತೋರಿಸುವವರು ಯಾರು. ಬೇರೊಬ್ಬರು ಪ್ರದರ್ಶಿಸುವಾಗ ಬೆಂಚಿನ ಮೇಲೆ ಕುಳಿತವರ ಮುಖಗಳನ್ನೂ ನೋಡಿ.

ವಾದ್ಯವೃಂದಗಳು ಈ ವಿಷಯದಲ್ಲಿ ಒಂದು ಪಾಠ ಕೊಡುತ್ತವೆ. ಅನೇಕ ಕಡೆ ವಾದಕರನ್ನು ಪರದೆಯ ಹಿಂದೆ ಕೂರಿಸಿ ಪರೀಕ್ಷಿಸುತ್ತಾರೆ. ನುಡಿಸುವವರು ಹೆಣ್ಣೋ ಗಂಡೋ, ಯಾರ ಪೈಕಿ ಎಂಬುದು ತಿಳಿಯದೆ ನಾದವೊಂದೇ ತೀರ್ಪಿಗೆ ಬರಲೆಂದು ಮಾಡಿದ ಏರ್ಪಾಡು ಅದು, ನ್ಯಾಯವಾದದ್ದೂ ಹೌದು. ಆದರೆ ಪಕ್ಕದವರೊಡನೆ ಹೇಗೆ ನುಡಿಸುತ್ತಾರೆ ಎಂಬುದು ಆ ಪರದೆಯಾಚೆಯಿಂದ ತಿಳಿಯುವುದಿಲ್ಲವಾದ್ದರಿಂದ, ಆಯ್ಕೆಯಾದವರನ್ನು ಕೆಲವು ತಿಂಗಳು ವೃಂದದ ನಡುವೆ ಕೂರಿಸಿ ನೋಡಿ, ಆಮೇಲೆ ಕಾಯಂ ಮಾಡುವ ಪದ್ಧತಿಯೂ ಇದೆ. ಚಿಕ್ಕ ತಂಡಗಳೂ ಹೊಸಬರಿಗೆ ಒಂದು ಪ್ರದರ್ಶನದ ಅವಧಿಯನ್ನು ಹೀಗೆ ಕೊಡಬಹುದು. ಅದು ಹೊಸಬರಿಗೆ ಕೂಡ ತಂಡವನ್ನು ಅಳೆದು ನೋಡುವ ಅವಕಾಶ.

ನಾಯಕನೇ ಇಲ್ಲದ ತಂಡ ಸಾಧ್ಯವೇ?

ಸಾಧ್ಯ. 1922ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಪೆರ್ಸಿಮ್‌ಫಾನ್ಸ್ ವಾದ್ಯವೃಂದ ಹತ್ತು ವರ್ಷ ಸಂಚಾಲಕರಿಲ್ಲದೆ ನುಡಿಸಿತು. 1972ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಆರ್ಫಿಯಸ್ ಛೇಂಬರ್ ಆರ್ಕೆಸ್ಟ್ರಾ ಕೂಡ ಸಂಚಾಲಕರಿಲ್ಲದೆ ನುಡಿಸುವ ವೃಂದ. ಅಲ್ಲಿ ಒಂದೊಂದು ಕೃತಿಗೆ ಒಬ್ಬೊಬ್ಬ ವಾದಕರು ಮುಂದಾಳತ್ವ ವಹಿಸುತ್ತಾರೆ.

ಗಮನಿಸಬೇಕಾದದ್ದು, ಅಲ್ಲಿ ನಾಯಕತ್ವ ಇಲ್ಲದಿರುವುದಲ್ಲ, ಅದು ಕೈಯಿಂದ ಕೈಗೆ ದಾಟುತ್ತಿರುವುದು. ಇಂದು ಮುಂದೆ ನಿಂತು ತೀರ್ಮಾನ ಹೇಳಿದವರು ನಾಳೆ ಹಿಂದಿನ ಕುರ್ಚಿಯಲ್ಲಿ ಕುಳಿತು, ತಮಗೆ ಒಪ್ಪಿಗೆಯಿಲ್ಲದ ಲಯವನ್ನೂ ತಮ್ಮದೆಂಬಂತೆ ನುಡಿಸಬೇಕಾಗುತ್ತದೆ. ಎಲ್ಲರೂ ಮಾತನಾಡಬಹುದಾದ ತಂಡದಲ್ಲಿ ತಾಲೀಮಿಗೆ ಸಮಯವೂ ಹೆಚ್ಚು ಬೇಕು. ನಾಯಕನ ಮೇಲಿನ ಸಿಟ್ಟಿನಿಂದ ಈ ದಾರಿ ಹಿಡಿಯಲು ಹೊರಟವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ತಂಡ ಬಿಡಬೇಕಾಗಿ ಬಂದಿದೆ. ಯಾರಿಗೂ ನೋವಾಗದಂತೆ ಬಿಡುವುದು ಹೇಗೆ?

ನೋವು ಸ್ವಲ್ಪ ಆಗಿಯೇ ಆಗುತ್ತದೆ, ತೊಂದರೆಯಾಗದಂತೆ ನೋಡಿಕೊಳ್ಳಬಹುದು. ಸಾಧ್ಯವಾದರೆ ಒಪ್ಪಿಕೊಂಡ ಪ್ರದರ್ಶನಗಳನ್ನು ಮುಗಿಸಿ, ಮೊದಲು ತಂಡದ ಮುಖ್ಯಸ್ಥರಿಗೆ, ಆಮೇಲೆ ಉಳಿದವರಿಗೆ ನೀವೇ ಹೇಳಿ. ಕಾರಣ ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ, ಆದರೆ ಸುಳ್ಳು ಕಾರಣ ಕೊಡಬೇಡಿ.

ಆಮೇಲೆ ನಿಮ್ಮ ಪಾತ್ರವನ್ನು ಒಪ್ಪಿಸಿಕೊಡಿ. ನಮ್ಮ ತಂಡ ಬಿಟ್ಟ ನಟಿಯೊಬ್ಬರು ಹೊರಡುವ ಮೊದಲು ತಮ್ಮ ನಾಟಕದ ಪ್ರತಿಯನ್ನು ಮುಂದಿನವರಿಗೆ ಕೊಟ್ಟರು. ಅದರ ಅಂಚಿನಲ್ಲಿ ಪ್ರತಿ ಚಲನೆಯನ್ನೂ ಪೆನ್ಸಿಲಿನಲ್ಲಿ ಬರೆದಿದ್ದರು, ಎಲ್ಲಿ ಉಸಿರೆಳೆಯಬೇಕೆಂದು ಗುರುತಿಸಿದ್ದರು. ಮೂರನೇ ಅಂಕದ ಒಂದು ಪುಟದಲ್ಲಿ ಹೀಗಿತ್ತು: ‘ಇಲ್ಲಿ ಅಜ್ಜನ ಪಾತ್ರದವರಿಗೆ ಕತ್ತಲಲ್ಲಿ ಮೆಟ್ಟಿಲು ಕಾಣುವುದಿಲ್ಲ. ನಿಮ್ಮ ಎಡಗೈ ಹಿಂದಕ್ಕೆ ಚಾಚಿ, ಅವರು ಹಿಡಿದುಕೊಳ್ಳುತ್ತಾರೆ.’